ದೈವಭಯವೂ ದಂಡನೀತಿಯೂ

೧

ಮತಗಳು ಹೇಗೆ ಹುಟ್ಟಿದುವೆಂಬ ಪ್ರಶ್ನೆಗೆ ಪ್ರಾಚೀನಕಾಲದಿಂದಲೂ ಎರಡು ಬಗೆಯ ಉತ್ತರಗಳು ಕೇಳಿಬಂದಿವೆ. ಮನುಷ್ಯನಿಗೆ ಸಹಜವಾದ ಭಯ, ವಿಸ್ಮಯ, ಕೃತಜ್ಞತೆ, ಮರಣಾನಂತರದ ಗತಿಯನ್ನು ಕುರಿತ ಜಿಜ್ಞಾಸೆ ಇವುಗಳಿಂದ ಮತವು ತಾನಾಗಿ ಮೊಳೆಯಿತೆಂಬುದು ಒಂದು. ಜನಸಮೂಹವನ್ನು ಅಂಕೆಯಲ್ಲಿಟ್ಟುಕೊಳ್ಳುವುದಕ್ಕಾಗಿ ಚತುರರಾದ ಕೆಲವರು ಅದನ್ನು ಕಲ್ಪಿಸಿದರೆಂಬುದು ಮತ್ತೊಂದು. ಈ ಎರಡನೆಯ ಉತ್ತರವು ಪಾಶ್ಚಾತ್ಯರ ಆಧುನಿಕ ವಿಚಾರದ ಫಲವೆಂದೂ ಭಾರತೀಯ ಶಾಸ್ತ್ರಗಳಿಗೆ ಅಪರಿಚಿತವೆಂದೂ ಭಾವಿಸುವವರು ಉಂಟು. ಈ ಭಾವನೆ ಸಾಧುವಲ್ಲ. ದೈವಭಯವನ್ನು ರಾಜ್ಯಕಾರ್ಯಕ್ಕೆ ವಿನಿಯೋಗಿಸುವ ಕ್ರಮವನ್ನು ಯಾವ ಮರೆಮಾಚುವಿಕೆಯೂ ಇಲ್ಲದೆ ಸೂತ್ರರೂಪದಲ್ಲಿ ವಿಧಿಸಿದ ಗ್ರಂಥವು ಸಂಸ್ಕೃತದಲ್ಲಿಯೇ ಇರುವುದು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಮತವೆಲ್ಲವೂ ಜೀವನೋಪಾಯಕ್ಕಾಗಿ ಕಟ್ಟಿದ ಕಲ್ಪನೆಯೆಂದು ವಾದಿಸಿದ ದರ್ಶನವೂ ಸಂಸ್ಕೃತದಲ್ಲಿಯೇ ಇರುವುದು. ಅದು ಬಾರ್ಹಸ್ಪತ್ಯವೆಂಬ ನಾಮಾಂತರವುಳ್ಳ ಲೋಕಾಯತ.

ಪಶ್ಚಿಮದಲ್ಲಿ ಈ ವಾದಕ್ಕೆ ಮೂಲವೆಂದು ಎಣಿಸಲ್ಪಡುವುದು ಕ್ರಿಸ್ತಪೂರ್ವ ೫ನೆಯ ಶತಮಾನದ ಒಂದು ಗ್ರೀಕ್ ನಾಟಕಖಂಡ. ಅದನ್ನು ಕೆಲವರು ಕ್ರಿತಿಯಾಸನದೆಂದೂ ಕೆಲವರು ಯೂರಿಪಿಡೀಸನದೆಂದೂ ಹೇಳುವರು. ಕಟ್ಟಳೆಗಳು ಬಹಿರಂಗದ ಅಪರಾಧವನ್ನು ಮಾತ್ರ ತಡೆಯಬಲ್ಲವಾದುದರಿಂದ, ರಹಸ್ಯದಲ್ಲಿ ಮಾಡಿದುದನ್ನೂ ನೋಡುವ ದೇವತೆಗಳ ಭಯವನ್ನು ಒಬ್ಬ ಜಾಣನು ಸೃಷ್ಟಿಸಿದನೆಂಬುದು ಅದರಲ್ಲಿ ಬರುವ ಒಂದು ಪಾತ್ರದ ಅಭಿಪ್ರಾಯ. ಕ್ರಿಸ್ತಪೂರ್ವ ೨ನೆಯ ಶತಮಾನದ ಇತಿಹಾಸಕಾರನಾದ ಪೊಲಿಬಿಯಸನು ರೋಮನರ ರಾಜ್ಯವು ಬಿಗಿಯಾಗಿ ನಿಂತಿರುವುದಕ್ಕೆ ಅವರ ದೈವಭೀತಿಯೇ ಕಾರಣವೆಂದು ಬರೆದಿರುವನು. ಇವರಿಬ್ಬರೂ ಹೊರಗೆ ನಿಂತು ವರ್ಣಿಸುವವರು. ಅರ್ಥಶಾಸ್ತ್ರವಾದರೋ ಒಳಗಿನಿಂದ ವಿಧಿಸುವ ಗ್ರಂಥ; ಉಪಾಯವನ್ನು ಉಪಯೋಗಿಸತಕ್ಕ ಅರಸನಿಗೇ ಉಪದೇಶಿಸುವ ಗ್ರಂಥ. ಆದುದರಿಂದ ಪ್ರಕೃತ ವಿಷಯದಲ್ಲಿ ಅದರ ಸಾಕ್ಷ್ಯವು ಹೆಚ್ಚು ಬೆಲೆಯುಳ್ಳದ್ದು.

೨

ಬಹುಕಾಲ ಹೆಸರುಮಾತ್ರದಿಂದ ತಿಳಿದಿದ್ದ ಈ ಗ್ರಂಥವು ವಿದ್ವಲ್ಲೋಕಕ್ಕೆ ಮರಳಿ ದೊರೆತುದು ಮೈಸೂರಿನಿಂದ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಅಲ್ಲಿಯ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಗ್ರಂಥದ ಕಾಲವನ್ನು ಕುರಿತು ಅಂದಿನಿಂದಲೂ ವಿವಾದವುಂಟು. ಚಂದ್ರಗುಪ್ತ ಮೌರ್ಯನ ಮಂತ್ರಿಯಾದ ಚಾಣಕ್ಯನೇ ಕರ್ತೃವೆಂಬುದು ಸಂಪ್ರದಾಯ. ಗ್ರಂಥದ ಭಾಗಗಳು ಒಬ್ಬನೇ ಬರೆದುವಲ್ಲವೆಂದು ೧೯೭೧ರಲ್ಲಿ ಟ್ರೌಟ್‌ಮನ್ನರು ಭಾಷಾಪ್ರಯೋಗದ ಗಣನೆಯಿಂದ ಪ್ರತಿಪಾದಿಸಿದರು. ೨೦೧೩ರಲ್ಲಿ ಹೊಸ ಅನುವಾದವನ್ನು ಹೊರತಂದ ಓಲಿವೆಲ್ಲರು ಮೂಲರಚನೆಯನ್ನು ಕ್ರಿಸ್ತಶಕದ ಆರಂಭಕಾಲಕ್ಕೆ ಇಳಿಸಿ, ಅದಕ್ಕೆ ಧರ್ಮಶಾಸ್ತ್ರದ ಬಣ್ಣವು ಇನ್ನೂ ಈಚೆಗೆ ಬಂದಿತೆಂದು ನಿರ್ಣಯಿಸಿರುವರು. ಕಾಲವು ಯಾವುದಾದರೂ ಆಗಲಿ, ಗ್ರಂಥದಲ್ಲಿ ಪೂರ್ವಾಚಾರ್ಯರ ಮತಗಳು ಪದೇಪದೇ ಉಲ್ಲೇಖಿತವಾಗಿರುವುದರಿಂದ ಇದು ಒಂದು ದೀರ್ಘ ಪರಂಪರೆಯ ಸಾರವೆಂಬುದರಲ್ಲಿ ಸಂದೇಹವಿಲ್ಲ.

ಆ ಪರಂಪರೆಯ ಒಂದು ಮುಖವು ವಿದ್ಯಾಸಮುದ್ದೇಶ ಪ್ರಕರಣದಲ್ಲಿ ಕಾಣುತ್ತದೆ. ಆನ್ವೀಕ್ಷಕಿ, ತ್ರಯೀ, ವಾರ್ತಾ, ದಂಡನೀತಿ ಎಂದು ವಿದ್ಯೆಗಳು ನಾಲ್ಕೆಂಬುದು ಕೌಟಿಲ್ಯನ ಸಿದ್ಧಾಂತ. ಮಾನವರು ಮೂರನ್ನೂ ಔಶನಸರು ದಂಡನೀತಿಯೊಂದನ್ನೂ ಒಪ್ಪುವರು. ಬಾರ್ಹಸ್ಪತ್ಯರ ಮತದಲ್ಲಿ ವಾರ್ತಾ ದಂಡನೀತಿಗಳೆರಡೇ ವಿದ್ಯೆಗಳು. ಲೋಕವ್ಯವಹಾರವನ್ನು ಬಲ್ಲವನಿಗೆ ವೇದತ್ರಯಿಯು ಒಂದು ಹೊದಿಕೆ ಮಾತ್ರ. ಆ ಶಬ್ದವನ್ನು ಗಮನಿಸಬೇಕು. ವೇದವು ಸುಳ್ಳೆಂದು ಈ ಆಚಾರ್ಯರು ಹೇಳಲಿಲ್ಲ; ತಿಳಿದವನು ಅದನ್ನು ಹೊದ್ದುಕೊಂಡಿರತಕ್ಕದ್ದೆಂದು ಹೇಳಿದರು. ಮತವನ್ನು ನಂಬದೆಯೇ ಅದನ್ನು ಧರಿಸಿರುವ ರಾಜಪುರುಷನ ಚಿತ್ರವು ಇಲ್ಲಿ ಒಂದೇ ಮಾತಿನಲ್ಲಿ ಅಡಗಿದೆ. ಕೌಟಿಲ್ಯನು ಇದನ್ನು ಅಂಗೀಕರಿಸದೆ ತ್ರಯಿಗೆ ಸ್ವತಂತ್ರಸ್ಥಾನವನ್ನು ಕೊಟ್ಟಿರುವನು. ಆದರೆ ಆನ್ವೀಕ್ಷಕಿಯನ್ನು ವಿವರಿಸುವಾಗ ಸಾಂಖ್ಯ ಯೋಗಗಳೊಡನೆ ಲೋಕಾಯತವನ್ನೂ ಸೇರಿಸಿರುವನು. ಗ್ರಂಥದುದ್ದಕ್ಕೂ ಈ ಎರಡು ಪ್ರವೃತ್ತಿಗಳ ಸೆಳೆತವು ಕಂಡುಬರುವುದು.

೩

ದೈವಶ್ರದ್ಧೆಯ ವಿನಿಯೋಗವನ್ನು ಅರ್ಥಶಾಸ್ತ್ರವು ನಾಲ್ಕು ಸಂದರ್ಭಗಳಲ್ಲಿ ಹೇಳುತ್ತದೆ: ವಾರ್ತಾಸಂಗ್ರಹದಲ್ಲಿ, ಪ್ರಜಾನುರಂಜನದಲ್ಲಿ, ಕೋಶವರ್ಧನದಲ್ಲಿ, ಶತ್ರುನಿಗ್ರಹದಲ್ಲಿ.

ಮೊದಲನೆಯದಕ್ಕೆ ಉದಾಹರಣೆ ಒಂದನೆಯ ಅಧಿಕರಣದ ತಾಪಸವೇಷದ ಗೂಢಚರ. ತಲೆಬೋಳಿಸಿಕೊಂಡವನೋ ಜಟಾಧಾರಿಯೋ ಆದ ಇವನು ಬಹುಮಂದಿ ಶಿಷ್ಯರೊಡನೆ ನಗರದ ಸಮೀಪದಲ್ಲಿ ನೆಲಸುವನು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪನ್ನು ಜನರ ಕಣ್ಣೆದುರಿಗೆ ತಿನ್ನುವನು. ಇಷ್ಟವಾದ ಆಹಾರವನ್ನು ಗುಟ್ಟಾಗಿ ಉಣ್ಣುವನು. ವರ್ತಕರ ವೇಷದ ಚಾರರು ಬಂದು ಅವನನ್ನು ಪೂಜಿಸುವರು. ಶಿಷ್ಯರು ಅವನನ್ನು ಸಿದ್ಧನೆಂದು ಸಾರುವರು. ಭವಿಷ್ಯವನ್ನು ಕೇಳಬಂದವರಿಗೆ ಅವನು ನುಡಿದುದು ಸತ್ಯವಾಗುವಂತೆ ರಾಜನ ಕಡೆಯವರು ನಡೆಯಿಸಿಕೊಡುವರು. ಹೀಗೆ ಊರಿನ ಅಂತರಂಗವೆಲ್ಲವೂ ತಾನಾಗಿ ಬಂದು ಅವನ ಮುಂದೆ ನಿವೇದಿತವಾಗುವುದು.

ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು. ತೀರ್ಥಗಳಲ್ಲಿಯೂ ಸಭೆಗಳಲ್ಲಿಯೂ ಜನಜಂಗುಳಿಯಲ್ಲಿಯೂ ಇಬ್ಬರು ಚಾರರು ಕೂಡಿ ಕೃತಕವಾದ ಜಗಳವನ್ನು ಹೂಡತಕ್ಕದ್ದು. ಅರಸನು ದಂಡದಿಂದಲೂ ಕರದಿಂದಲೂ ಪ್ರಜೆಗಳನ್ನು ಪೀಡಿಸುವನೆಂದು ಒಬ್ಬನು ದೂರುವನು. ಮತ್ತೊಬ್ಬನು ಅವನನ್ನು ತಡೆದು ಪ್ರಾಚೀನ ವೃತ್ತಾಂತವೊಂದನ್ನು ಹೇಳುವನು: ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮಾತ್ಸ್ಯನ್ಯಾಯದಿಂದ ಬಳಲಿದ ಜನರು ವೈವಸ್ವತ ಮನುವನ್ನು ಅರಸನನ್ನಾಗಿ ಮಾಡಿಕೊಂಡರು, ಧಾನ್ಯದ ಆರನೆಯ ಒಂದು ಪಾಲನ್ನೂ ಪಣ್ಯದ ಹತ್ತನೆಯ ಒಂದು ಪಾಲನ್ನೂ ಹಿರಣ್ಯವನ್ನೂ ಅವನಿಗೆ ಗೊತ್ತುಮಾಡಿದರು, ಅರಸನು ಇಂದ್ರಯಮರ ಸ್ಥಾನದಲ್ಲಿರುವವನು, ಅವನನ್ನು ಅವಮಾನಿಸಿದವರನ್ನು ದೈವದಂಡವೂ ಮುಟ್ಟುವುದು.

ಇದೇ ಕಥೆಯ ರೂಪಾಂತರಗಳು ಬೇರೆ ಕಡೆಗಳಲ್ಲಿಯೂ ಇವೆ. ಮಹಾಭಾರತದ ಶಾಂತಿಪರ್ವದಲ್ಲಿ ಮನುವು ಪಾಪಕ್ಕೆ ಹೆದರಿ ಹಿಂಜರಿಯುವನು. ಜನರು ಪಶುಹಿರಣ್ಯಗಳಲ್ಲಿ ಐವತ್ತನೆಯ ಒಂದು ಪಾಲನ್ನೂ ಧಾನ್ಯದಲ್ಲಿ ಹತ್ತನೆಯ ಒಂದು ಪಾಲನ್ನೂ ತಮ್ಮ ಪುಣ್ಯದಲ್ಲಿ ಕಾಲುಭಾಗವನ್ನೂ ಕೊಡುವೆವೆಂದು ಒಪ್ಪಿಸುವರು. ದೀಘನಿಕಾಯದ ಅಗ್ಗಞ್ಞಸುತ್ತದಲ್ಲಿ ಜನರು ತಮ್ಮಲ್ಲಿ ಶ್ರೇಷ್ಠನಾದವನನ್ನು ಆರಿಸಿ ಬತ್ತದ ಪಾಲನ್ನು ಕೊಟ್ಟು ಮಹಾಸಮ್ಮತನೆಂದು ಕರೆಯುವರು; ಅಲ್ಲಿ ದೇವತೆಗಳ ಪ್ರಸಕ್ತಿಯೇ ಇಲ್ಲ. ಮೂರನ್ನೂ ಹೋಲಿಸಿ ನೋಡಿದರೆ ಒಂದು ಭೇದವು ಸ್ಫುಟವಾಗುವುದು. ಇತಿಹಾಸವೂ ಸುತ್ತವೂ ಈ ಕಥೆಯನ್ನು ನಿಜವೆಂದು ಹೇಳುತ್ತವೆ. ಅರ್ಥಶಾಸ್ತ್ರವು ಅದನ್ನು ಸಂಬಳ ಪಡೆಯುವ ಚಾರನ ಬಾಯಲ್ಲಿ ಇಡುತ್ತದೆ. ಕಥೆಯು ನಿಜವೋ ಅಲ್ಲವೋ ಎಂಬ ವಿಚಾರ ಅಲ್ಲಿ ಬರುವುದೇ ಇಲ್ಲ. ಕ್ಷುದ್ರಜನರ ಬಾಯಿ ಮುಚ್ಚುವುದೇ ಅದರ ಪ್ರಯೋಜನ.

ಮೂರನೆಯದು ಐದನೆಯ ಅಧಿಕರಣದ ಕೋಶಾಭಿಸಂಹರಣ ಪ್ರಕರಣದಲ್ಲಿದೆ. ಬೊಕ್ಕಸವು ಬರಿದಾಗಿ ಸಂಕಟವು ಒದಗಿದಾಗ ದೇವತಾಧ್ಯಕ್ಷನು ದುರ್ಗದ ಮತ್ತು ನಾಡಿನ ದೇವಸ್ಥಾನಗಳ ಸೊತ್ತನ್ನು ಒಂದೆಡೆ ಕೂಡಿಸಿ ಅರಸನಿಗೆ ತಂದೊಪ್ಪಿಸತಕ್ಕದ್ದು. ರಾತ್ರಿಯಲ್ಲಿ ಒಂದು ದೇವಸ್ಥಾನವನ್ನು ನಿಲ್ಲಿಸಿ ಅದು ತಾನಾಗಿ ಉದ್ಭವಿಸಿತೆಂದು ಪ್ರಸಿದ್ಧಿಪಡಿಸಿ, ಜಾತ್ರೆ ಉತ್ಸವಗಳಿಂದ ಹಣವನ್ನು ಗಳಿಸಬಹುದು. ಉಪವನದ ಮರವು ಅಕಾಲದಲ್ಲಿ ಹೂವು ಹಣ್ಣುಗಳನ್ನು ತಳೆದಂತೆ ತೋರಿಸಿ ದೇವತೆಯು ಬಂದಿರುವಳೆಂದು ಸಾರಬಹುದು. ಮರದಲ್ಲಿ ರಾಕ್ಷಸನು ಸೇರಿ ನರಬಲಿಯನ್ನು ಬೇಡುತ್ತಿರುವನೆಂದು ಭಯವನ್ನು ಹುಟ್ಟಿಸಿ, ಶಾಂತಿಗೆಂದು ಪೌರರಿಂದ ಹೊನ್ನನ್ನು ಎತ್ತಬಹುದು. ಸುರಂಗವುಳ್ಳ ಬಾವಿಯಲ್ಲಿ ಅನೇಕ ಹೆಡೆಗಳ ನಾಗನನ್ನು ಕಾಣಿಕೆ ಕೊಟ್ಟವರಿಗೆ ತೋರಿಸಬಹುದು. ನಂಬದವರು ಇದ್ದರೆ? ಅವರ ಆಚಮನದ ನೀರಿನಲ್ಲಿಯೋ ಪ್ರೋಕ್ಷಣೆಯ ನೀರಿನಲ್ಲಿಯೋ ವಿಷವನ್ನು ಬೆರಸಿ, ಇದು ದೇವತೆಯ ಶಾಪವೆಂದು ಹೇಳತಕ್ಕದ್ದು. ಇಷ್ಟನ್ನು ಹೇಳಿ ಗ್ರಂಥಕಾರನು ಒಂದು ಮೇರೆಯನ್ನೂ ಹಾಕಿರುವನು: ಇವೆಲ್ಲವನ್ನೂ ರಾಜದ್ರೋಹಿಗಳ ಮೇಲೆಯೂ ಅಧಾರ್ಮಿಕರ ಮೇಲೆಯೂ ಮಾತ್ರ ಪ್ರಯೋಗಿಸಬೇಕು, ಇತರರ ಮೇಲೆ ಕೂಡದು.

ನಾಲ್ಕನೆಯದು ಹದಿಮೂರನೆಯ ಅಧಿಕರಣದ ವಿಷಯ. ಶತ್ರುದುರ್ಗವನ್ನು ಮುತ್ತುವ ಮೊದಲು ಅರಸನು ತಾನು ಸರ್ವಜ್ಞನೆಂದೂ ದೇವತೆಗಳೊಡನೆ ಸಂಭಾಷಿಸುವವನೆಂದೂ ಪ್ರಸಿದ್ಧಿಯನ್ನು ಹುಟ್ಟಿಸಬೇಕು. ಸುರಂಗದ ಮೂಲಕ ದೇವಾಲಯದೊಳಕ್ಕೆ ಹೊಕ್ಕ ಚಾರರು ದೇವತೆಗಳಾಗಿ ಅವನೊಡನೆ ಮಾತನಾಡುವರು. ನೀರಿನಿಂದ ಮೇಲೆದ್ದವರು ನಾಗರಾಗಿ ಅವನಿಂದ ಪೂಜೆಗೊಳ್ಳುವರು. ಕೋಟೆಯೊಳಗಿನ ಅರಸನನ್ನು ಹೊರಗೆ ಸೆಳೆಯಬೇಕಾದರೆ ಬೆಟ್ಟದ ಗುಹೆಯಲ್ಲಿ ನಾನೂರು ವರ್ಷ ವಯಸ್ಸಿನ ತಪಸ್ವಿಯೊಬ್ಬನು ಬಂದು ನೆಲಸಿರುವನೆಂಬ ವದಂತಿಯೇ ಸಾಕು.

೪

ಇವು ಬರಿಯ ಗ್ರಂಥಸ್ಥವಾದ ಕಲ್ಪನೆಗಳೋ, ಆಚರಣೆಯಲ್ಲಿದ್ದ ಉಪಾಯಗಳೋ ಎಂಬ ಶಂಕೆ ಸಹಜವಾದದ್ದು. ಇದಕ್ಕೆ ಉತ್ತರವನ್ನು ವೈಯಾಕರಣರೊಬ್ಬರು ಕೊಟ್ಟಿರುವರು. ಪೂಜೆಯಿಂದ ಜೀವನೋಪಾಯವನ್ನು ಒದಗಿಸುವ, ಆದರೆ ಮಾರಾಟಕ್ಕಲ್ಲದ ಪ್ರತಿಕೃತಿಗಳ ಹೆಸರಿನಲ್ಲಿ ಪ್ರತ್ಯಯಲೋಪವನ್ನು ವಿಧಿಸುವ ಪಾಣಿನಿಯ ಸೂತ್ರವೊಂದು ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿದೆ. ಅದನ್ನು ವಿಚಾರಿಸುವಾಗ, ಕ್ರಿಸ್ತಪೂರ್ವ ೨ನೆಯ ಶತಮಾನದವನೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಪತಂಜಲಿಯು, ಹೊನ್ನಿನ ಆಸೆಯಿಂದ ಮೌರ್ಯರು ದೇವತಾಪ್ರತಿಮೆಗಳನ್ನು ಏರ್ಪಡಿಸಿದರೆಂದು ಪ್ರಸಂಗವಶಾತ್ ಹೇಳುವನು. ಮೌರ್ಯರನ್ನು ನಿಂದಿಸುವುದು ಅವನ ಉದ್ದೇಶವಲ್ಲ. ಶಬ್ದಸಾಧುತ್ವಕ್ಕೆ ಒಂದು ನಿದರ್ಶನವು ಬೇಕಾಗಿತ್ತು, ಅಷ್ಟೇ. ಹೀಗೆ ಅನುದ್ದಿಷ್ಟವಾಗಿ ಬಂದ ಸಾಕ್ಷ್ಯಕ್ಕೆ ಪ್ರಾಮಾಣ್ಯವು ಹೆಚ್ಚು. ಮೇಲಾಗಿ, ಕೇಳುವವರಿಗೆ ಸಂಗತಿಯು ಪರಿಚಿತವಾಗಿದ್ದಲ್ಲದೆ ಅದು ನಿದರ್ಶನವಾಗಲಾರದು.

೫

ಹಾಗಾದರೆ ಮತವು ಅರಸರ ಸೃಷ್ಟಿಯೆಂದು ಸಿದ್ಧವಾಯಿತೆ? ಈ ಘಟ್ಟದಲ್ಲಿ ಅನೇಕ ವಿಮರ್ಶಕರು ಎಡವುವರು. ಉತ್ಪತ್ತಿಯು ಬೇರೆ, ವಿನಿಯೋಗವು ಬೇರೆ. ನದಿಗೆ ಅಣೆಯನ್ನು ಕಟ್ಟಿ ಕಾಲುವೆಯನ್ನು ತೆಗೆದವನು ನೀರನ್ನು ಸೃಷ್ಟಿಸಿದವನಾಗುವುದಿಲ್ಲ. ಅಕಾಲದ ಹೂವಿನಲ್ಲಿ ದೇವತೆಯ ಸಾನ್ನಿಧ್ಯವನ್ನು ಕಾಣುವ ಜನರು ಮೊದಲೇ ಇದ್ದುದರಿಂದಲೇ ಅಕಾಲದ ಹೂವನ್ನು ತೋರಿಸುವ ಉಪಾಯವು ಫಲಿಸುವುದು. ಹುತ್ತದ ನಾಗನಿಗೆ ಕೈಮುಗಿಯುವ ವಾಡಿಕೆಯು ಮೊದಲೇ ಇಲ್ಲದಿದ್ದರೆ ಬಾವಿಯ ನಾಗನು ಯಾರ ಹೊನ್ನನ್ನೂ ಸೆಳೆಯಲಾರನು. ಖೋಟಾ ನಾಣ್ಯವು ಚಲಾವಣೆಯಾಗಬೇಕಾದರೆ ನಿಜವಾದ ನಾಣ್ಯವು ಚಲಾವಣೆಯಲ್ಲಿರಬೇಕಷ್ಟೆ. ಆದುದರಿಂದ ಅರ್ಥಶಾಸ್ತ್ರದ ಈ ಪ್ರಕರಣಗಳು ಮತದ ಮೂಲವನ್ನು ತೋರಿಸುವುದಿಲ್ಲ. ಮತವು ಆಗಲೇ ಜನಮನದಲ್ಲಿ ಆಳವಾಗಿ ಬೇರೂರಿದ್ದಿತೆಂಬುದನ್ನೇ ತೋರಿಸುತ್ತವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞನಾದ ದುರ್ಖೈಮನು ೧೯೧೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೇವಲ ಸುಳ್ಳಿನ ಮೇಲೆ ನಿಂತ ಯಾವ ಸಂಸ್ಥೆಯೂ ಬಹುಕಾಲ ಬಾಳಲಾರದೆಂಬ ಇಂಥದೇ ಅಭಿಪ್ರಾಯದಿಂದ ತನ್ನ ವಿಚಾರವನ್ನು ಆರಂಭಿಸಿರುವನು.

ಕೌಟಿಲ್ಯನೂ ಕೇವಲ ಅಶ್ರದ್ಧೆಯವನಲ್ಲ. ಪುರೋಹಿತನು ಅಥರ್ವೋಪಾಯಗಳಿಂದ ದೈವಿಕ ವಿಪತ್ತುಗಳನ್ನು ಪರಿಹರಿಸಬಲ್ಲವನಾಗಿರಬೇಕೆಂದು ಅವನು ವಿಧಿಸುವನು. ಬೆಂಕಿ, ನೆರೆ, ವ್ಯಾಧಿ, ಕ್ಷಾಮ, ಇಲಿ, ಕಾಡುಮೃಗ, ಹಾವು, ರಾಕ್ಷಸ ಎಂಬ ಎಂಟು ಮಹಾಭಯಗಳನ್ನು ಎಣಿಸಿ, ಕ್ಷಾಮಕ್ಕೆ ಬೀಜಧಾನ್ಯದ ಸಹಾಯವನ್ನು ಹೇಳುವ ಪ್ರಕರಣದಲ್ಲಿಯೇ ಮಾರಿಗೆ ಶ್ಮಶಾನದಲ್ಲಿ ಹಸುವನ್ನು ಕರೆಯುವ ಶಾಂತಿಯನ್ನೂ ಹೇಳುವನು. ಅದೇ ಲೇಖನಿಯು ಮತ್ತೊಂದೆಡೆ, ನಕ್ಷತ್ರಗಳನ್ನೇ ಕೇಳುತ್ತ ಕುಳಿತ ಅವಿವೇಕಿಯನ್ನು ಅರ್ಥವು ಬಿಟ್ಟುಹೋಗುವುದೆಂದು ಎಚ್ಚರಿಸುತ್ತದೆ. ಈ ವಿರೋಧವನ್ನು ಕರ್ತೃಭೇದದಿಂದ ಪರಿಹರಿಸಬಹುದು. ಆದರೆ ಅಷ್ಟರಿಂದಲೇ ತೃಪ್ತಿಪಡಬೇಕಾದುದಿಲ್ಲ. ರಾಕ್ಷಸಭಯವನ್ನು ಒಂದು ಕಡೆ ಕೃತಕವಾಗಿ ಹುಟ್ಟಿಸುವ, ಮತ್ತೊಂದು ಕಡೆ ನಿಜವೆಂದೇ ಶಮನಗೊಳಿಸುವ ರಾಜ್ಯವ್ಯವಸ್ಥೆಯು ಮನುಷ್ಯಸ್ವಭಾವಕ್ಕೆ ಅಸಂಗತವಾದುದೇನಲ್ಲ. ಇತರರನ್ನು ಯಾವ ಭಯದಿಂದ ಆಳುವರೋ ಅದೇ ಭಯಕ್ಕೆ ಆಳುವವರೂ ಒಳಗಾಗಿರುವುದು ಅನೇಕ ಕಡೆಗಳಲ್ಲಿ ಕಂಡಿದೆ.

೬

ವಿನಿಯೋಗವನ್ನು ನೋಡಿ ಉತ್ಪತ್ತಿಯನ್ನು ಊಹಿಸಿದವರು ಲೋಕಾಯತರು. ಅವರ ಮೂಲಗ್ರಂಥವು ಉಳಿದುಬಂದಿಲ್ಲ. ಅವರ ಮತದ ಪ್ರಸಿದ್ಧವಾದ ನಿರೂಪಣೆಯು ೧೪ನೆಯ ಶತಮಾನದಲ್ಲಿ ಮಾಧವನ ಹೆಸರಿನಿಂದ ರಚಿತವಾದ ಸರ್ವದರ್ಶನಸಂಗ್ರಹದ ಮೊದಲ ಪ್ರಕರಣದಲ್ಲಿದೆ. ಅಂದರೆ ಪ್ರತಿಪಕ್ಷಿಯ ಲೇಖನಿಯಿಂದ ಉಳಿದುಬಂದಿದೆ. ಅದರ ಪ್ರಕಾರ, ಲೋಕವು ಕಣ್ಣಾರೆ ಬಲ್ಲ ಅರಸನೇ ಪರಮೇಶ್ವರ, ಅವನಿಗಿಂತ ಬೇರೆ ಈಶ್ವರನಿಲ್ಲ. ಅಗ್ನಿಹೋತ್ರಾದಿಗಳು ಬುದ್ಧಿಪೌರುಷಗಳಿಲ್ಲದವರ ಜೀವನೋಪಾಯ. ಪ್ರೇತಕಾರ್ಯಗಳು ಬ್ರಾಹ್ಮಣರ ಹೊಟ್ಟೆಪಾಡಿಗೆ ಏರ್ಪಟ್ಟವು. ಈ ವಾದದಲ್ಲಿ ಒಂದು ಕೊರತೆಯುಂಟು. ದೇವರನ್ನು ನಿರಾಕರಿಸಿ ಆ ಪದವನ್ನು ಅರಸನಿಗೆ ಕೊಟ್ಟುದರಿಂದ ಪ್ರಜೆಯು ಯಾವ ಭಯದಿಂದಲೂ ಬಿಡುಗಡೆ ಹೊಂದಲಿಲ್ಲ. ಪುರೋಹಿತನ ಸ್ವಾರ್ಥವನ್ನು ಕಂಡವರು ದಂಡಧರನ ಸ್ವಾರ್ಥವನ್ನು ವಿಚಾರಿಸಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯನ್ನು ವೈದಿಕರಲ್ಲಿಯೇ ಪರಮವೈದಿಕರಾದ ಮೀಮಾಂಸಕರು ಮಾಡಿರುವರೆಂಬುದು ಆಶ್ಚರ್ಯಕರವಾದರೂ ಸತ್ಯ. ಸ್ಮೃತಿಯ ವಿಧಿಗೆ ಪ್ರತ್ಯಕ್ಷಶ್ರುತಿಯು ದೊರೆಯದಿದ್ದರೂ ಮೂಲಶ್ರುತಿಯನ್ನು ಊಹಿಸಿ ಅದನ್ನು ಪ್ರಮಾಣವೆಂದು ಎಣಿಸತಕ್ಕದ್ದೆಂಬುದು ಜೈಮಿನಿಯ ಸ್ಮೃತಿಪಾದದ ನಿರ್ಣಯ. ಆದರೆ ಆ ವಿಧಿಗೆ ಲೌಕಿಕವಾದ ಹೇತುವು ಕಣ್ಣಿಗೆ ಕಾಣುವಲ್ಲಿ ಹಾಗೆ ಊಹಿಸಲಾಗದು. ಶಬರಸ್ವಾಮಿಯು ಕೊಡುವ ಉದಾಹರಣೆ ಇದು: ಯಜ್ಞಶಾಲೆಯ ಔದುಂಬರಿಯೆಂಬ ಕಂಬವನ್ನು ಪೂರ್ತಿಯಾಗಿ ವಸ್ತ್ರದಿಂದ ಸುತ್ತಬೇಕೆಂಬ ವಿಧಿಯೊಂದುಂಟು. ವಸ್ತ್ರವನ್ನು ಪಡೆಯಬೇಕೆಂಬ ಲೋಭದಿಂದ ಯಾರೋ ಕೆಲವರು ಹೀಗೆ ಸುತ್ತಿದರು. ಅದೇ ಸ್ಮೃತಿಯಾಗಿ ಬೆಳೆಯಿತು. ವೈಸರ್ಜನಹೋಮದ ವಸ್ತ್ರವನ್ನು ಅಧ್ವರ್ಯುವು ತೆಗೆದುಕೊಳ್ಳಬೇಕೆಂಬ ವಿಧಿಯೂ ಹೀಗೆಯೇ ಲೋಭಮೂಲವಾದದ್ದು. ಕುಮಾರಿಲಭಟ್ಟನು ಈ ಉದಾಹರಣೆಗಳ ವಿಷಯದಲ್ಲಿ ಭಾಷ್ಯಕಾರನೊಡನೆ ಒಪ್ಪದೆ ಸ್ಮೃತಿಯ ಪಕ್ಷವನ್ನು ವಹಿಸುವನು. ಆದರೂ ಪ್ರಶ್ನೆಯು ಶಾಸ್ತ್ರದೊಳಗೆ ಎದ್ದುಬಿಟ್ಟಿತು.

ಲೋಕಾಯತನಿಗೂ ಶಬರನಿಗೂ ಇರುವ ಭೇದವನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ವಿಶದಪಡಿಸುವುದು ಯುಕ್ತ. ಕೆಲವು ವಿಧಿಗಳಲ್ಲಿ ಸ್ವಾರ್ಥವು ಕಂಡುದರಿಂದ ವಿಧಿಗಳೆಲ್ಲವೂ ಸ್ವಾರ್ಥಮೂಲವೆಂದು ಲೋಕಾಯತನು ಹೇಳುವನು. ಶಬರನು ಒಂದೊಂದು ವಿಧಿಯನ್ನೂ ಬೇರೆಬೇರೆಯಾಗಿ ನಿಲ್ಲಿಸಿ, ಇದರಿಂದ ಯಾರಿಗೆ ಲಾಭವೆಂದು ಕೇಳುವನು. ಮೊದಲನೆಯದು ತೀರ್ಪು, ಎರಡನೆಯದು ಪರೀಕ್ಷೆ. ಶಾಸ್ತ್ರವನ್ನು ಓದುವವನಿಗೆ ಹೆಚ್ಚು ಕಾಲ ಉಪಯೋಗಕ್ಕೆ ಬರುವುದು ಎರಡನೆಯದೇ.

೭

ಮತವನ್ನು ಸಮಾಜನಿಯಮನಕ್ಕೆ ಬಳಸಿದ ಅರಸರೆಲ್ಲರೂ ಸುರಂಗಮಾರ್ಗವನ್ನೇ ಹಿಡಿದವರಲ್ಲ. ಅಶೋಕನು ತನ್ನ ನಾಲ್ಕನೆಯ ಶಿಲಾಶಾಸನದಲ್ಲಿ ವಿಮಾನಗಳು, ಆನೆಗಳು, ಅಗ್ನಿಸ್ಕಂಧಗಳು ಮೊದಲಾದ ದಿವ್ಯರೂಪಗಳನ್ನು ಜನರಿಗೆ ತೋರಿಸಿದುದಾಗಿ ಹೇಳಿಕೊಂಡಿರುವನು. ಇದು ಕೌಟಿಲ್ಯನ ಉಪಾಯಗಳನ್ನು ನೆನಪಿಗೆ ತರುವುದು ನಿಜ. ಆದರೆ ತೋರಿಸಿದವನು ತಾನೇ ಎಂದು ಬಂಡೆಯ ಮೇಲೆ ಬರೆಯಿಸಿ ಒಪ್ಪಿಕೊಂಡಿರುವಾಗ ಅದು ವಂಚನೆಯಾಗದೆ ಪ್ರದರ್ಶನವಾಗುವುದು. ಪಟ್ಟಾಭಿಷೇಕವಾದ ಹದಿಮೂರು ವರ್ಷಗಳ ಮೇಲೆ ಅವನು ಧರ್ಮಮಹಾಮಾತ್ರರನ್ನು ನೇಮಿಸಿದನು. ಹನ್ನೆರಡನೆಯ ಶಾಸನದಲ್ಲಿ ತನ್ನ ಮತವನ್ನು ಹೊಗಳಿ ಪರಮತವನ್ನು ತೆಗಳಬಾರದೆಂದು ಬೋಧಿಸಿದನು. ಈ ಶಾಸನದ ಭಾಗವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ಇದೂ ನಿಯಮನವೇ. ಪ್ರಜೆಗಳ ನಾಲಗೆಯನ್ನು ಅಂಕೆಯಲ್ಲಿಡಲು ಅರಸನು ಬಯಸಿದನು. ಆದರೆ ಬಯಕೆಯನ್ನು ಬಚ್ಚಿಡಲಿಲ್ಲ.

ಕನ್ನಡನಾಡಿನ ನಿದರ್ಶನವು ಶ್ರವಣಬೆಳಗೊಳದ ೧೩೬೮ರ ಶಾಸನ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡಾಗ, ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಮಾನಿಸಿದನು. ಜೈನರು ಮನೆಮನೆಗೆ ಸಲ್ಲಿಸುವ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಳಿಸಬೇಕೆಂದು ಏರ್ಪಾಡಾಯಿತು. ಅರಸನಿಗೆ ಇದರಿಂದ ಪ್ರಯೋಜನವಿರಲಿಲ್ಲವೆನ್ನಲಾಗದು. ರಾಜ್ಯದೊಳಗಿನ ಕಲಹವು ಅಡಗಿತು. ಆದರೆ ಈ ಏರ್ಪಾಡಿನಲ್ಲಿ ಹಣವನ್ನು ಕೊಡುವವರಾರು, ಅದು ಎಲ್ಲಿಗೆ ಹೋಗುವುದು, ತಪ್ಪಿದವರಿಗೆ ಶಿಕ್ಷೆಯೇನು ಎಂಬುದೆಲ್ಲವೂ ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೊರೆದಿರುವುದು. ರಾತ್ರಿಯಲ್ಲಿ ಎದ್ದುನಿಂತ ದೇವಸ್ಥಾನಕ್ಕೂ ಹಗಲಿನಲ್ಲಿ ನಿಂತ ಈ ಶಾಸನಕ್ಕೂ ಇರುವ ಅಂತರವೇ ಪ್ರಕೃತ ವಿಚಾರದ ಸಾರ.

ಮತವು ಸಮಾಜವನ್ನು ನಿಯಮಿಸುವುದೇ ದೋಷವೆಂದು ಹೇಳುವಂತಿಲ್ಲ. ರಹಸ್ಯದಲ್ಲಿಯೂ ಪಾಪಕ್ಕೆ ಅಂಜುವ ಮನಸ್ಸಿಲ್ಲದೆ ಯಾವ ಸಮಾಜವೂ ಕೇವಲ ದಂಡದಿಂದ ನಿಲ್ಲಲಾರದು. ಆ ಅಂಜಿಕೆಯನ್ನು ಅಂಜದವರು ಕೈಗೆತ್ತಿಕೊಂಡು ಇತರರ ಮೇಲೆ ಪ್ರಯೋಗಿಸುವುದು ದೋಷ. ಕೌಟಿಲ್ಯನು ದ್ರೋಹಿಗಳು ಮತ್ತು ಅಧಾರ್ಮಿಕರು ಎಂಬ ಮೇರೆಯನ್ನು ಹಾಕಿದನಾದರೂ, ಯಾರು ದ್ರೋಹಿ, ಯಾರು ಅಧಾರ್ಮಿಕನೆಂದು ಗೊತ್ತುಮಾಡುವವನು ಆ ಹೊನ್ನನ್ನು ಪಡೆಯತಕ್ಕ ಅರಸನೇ ಆಗಿರುವಲ್ಲಿ ಮೇರೆಯು ಮೇರೆಯಾಗಿ ಉಳಿಯುವುದು ಕಷ್ಟ. ಬಾವಿಯ ನಾಗನನ್ನು ನಂಬದೆ ವಿಷದ ನೀರನ್ನು ಕುಡಿದವನಿಗೆ ಆ ಪ್ರಕರಣದಲ್ಲಿ ಹೆಸರಿಲ್ಲ. ಅವನು ದ್ರೋಹಿಯೋ, ಕೇವಲ ಕಣ್ಣು ತೆರೆದು ನೋಡಿದವನೋ ಎಂಬುದನ್ನು ಸೂತ್ರವು ಹೇಳುವುದಿಲ್ಲ. ಅರ್ಥಶಾಸ್ತ್ರವನ್ನು ಪಾಠಹೇಳುವವರು ಆ ಪ್ರಕರಣವನ್ನು ಬಿಟ್ಟುಬಿಡುವುದೂ ಸರಿಯಲ್ಲ, ಅದರ ಚಾತುರ್ಯವನ್ನು ಮಾತ್ರ ಕೊಂಡಾಡಿ ಮುಂದಕ್ಕೆ ಹೋಗುವುದೂ ಸರಿಯಲ್ಲ. ಶಬರನ ಪ್ರಶ್ನೆಯನ್ನು ಅಲ್ಲಿ ತಡೆದು ನಿಂತು ಕೇಳತಕ್ಕದ್ದು.